ವೃದ್ಧಾಶ್ರಮದ ಕ್ಯಾಮೆರಾ: ಯಾರ ಕಾವಲು, ಯಾರ ಒಪ್ಪಿಗೆ?



ಈ ಸಲದ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ಬಹಳ ಸಣ್ಣದು. ವೃದ್ಧಾಶ್ರಮದ ಗೋಡೆಯ ಮೇಲೆ ಕೂತಿರುವ, ಮುಷ್ಟಿಯಷ್ಟು ದೊಡ್ಡದಾದ ಸಿಸಿ ಕ್ಯಾಮೆರಾ ಅದು. ಅದು ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅದು ಈಗಾಗಲೇ ಬಂದಾಗಿದೆ. ಎಲ್ಲಿ ಇರಬೇಕು, ಯಾರನ್ನು ನೋಡಬೇಕು, ಅದು ಕಂಡದ್ದನ್ನು ಯಾರು ನೋಡಬೇಕು, ಇದನ್ನೆಲ್ಲ ತೀರ್ಮಾನಿಸುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಕ್ಯಾಮೆರಾ ಯಾಕೆ ಬಂತು ಎಂಬುದು ಮೊದಲನೆಯದು. ಅದರ ಕೈಲಿ ಆಗುವುದೇನು, ಆಗದಿರುವುದೇನು ಎಂಬುದು ಎರಡನೆಯದು. ಹಿರಿಯರ ಮಾನ ಮತ್ತು ಖಾಸಗಿತನದ ಬಗ್ಗೆ ಕಾನೂನು ಏನನ್ನುತ್ತದೆ ಎಂಬುದು ಮೂರನೆಯದು. ಕೊನೆಯಲ್ಲಿ, ನಮ್ಮ ಅವಳಿ ನಗರ ಹುಬ್ಬಳ್ಳಿ-ಧಾರವಾಡದ ಆಶ್ರಮಗಳು ನಾಳೆಯಿಂದಲೇ ಪಾಲಿಸಬಹುದಾದ ಕೆಲವು ನಡಾವಳಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲ ಭಾಗಕ್ಕೆ ಬರುತ್ತೇನೆ.

ಧಾರವಾಡಕ್ಕೆ ಪಿಂಚಣಿದಾರರ ಊರು ಎಂಬ ಹೆಸರು ಹಳೆಯದು. ಸಾಧನಕೇರಿ, ಮಾಳಮಡ್ಡಿ, ಸಪ್ತಾಪುರದ ಓಣಿಗಳಲ್ಲಿ ನಿವೃತ್ತ ಮಾಸ್ತರರು, ಪ್ರಾಧ್ಯಾಪಕರು, ಕಚೇರಿ ನೌಕರರು ಮನೆ ಕಟ್ಟಿಸಿಕೊಂಡರು. ಹುಬ್ಬಳ್ಳಿಯಲ್ಲಿ ರೈಲ್ವೆಯಿಂದ, ಬ್ಯಾಂಕಿನಿಂದ ನಿವೃತ್ತರಾದವರು ವಿದ್ಯಾನಗರ, ಕೇಶ್ವಾಪುರ, ನವನಗರಗಳಲ್ಲಿ ನೆಲೆ ನಿಂತರು. ಓದಿಸಿದ ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದರು. ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದರು, ಆಮೇಲೆ ಒಬ್ಬರೇ. 2011ರ ಜನಗಣತಿಯಲ್ಲಿ 60 ದಾಟಿದವರ ಪಾಲು ದೇಶದಲ್ಲಿ ಶೇ 8.6 ಇದ್ದರೆ ಕರ್ನಾಟಕದಲ್ಲಿ ಶೇ 9.5ರಷ್ಟಿತ್ತು. ಅಂದರೆ ನಮ್ಮ ರಾಜ್ಯ ದೇಶಕ್ಕಿಂತ ಒಂದು ಹೆಜ್ಜೆ ಮುಂದಾಗಿಯೇ ಮುಪ್ಪಿನತ್ತ ನಡೆದಿದೆ. ತಂದೆ-ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 19ನೇ ಕಲಂ, ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಜನರಿಗೆ ಸ್ಥಳವಿರುವ ವೃದ್ಧಾಶ್ರಮ ಇರಲಿ ಎನ್ನುತ್ತದೆ. ಆ ಕಾಯ್ದೆಯ ಆಚೆಗೆ, ತಿಂಗಳಿಗಿಷ್ಟು ಎಂದು ಹಣ ಕಟ್ಟಿಸಿಕೊಂಡು ನಡೆಯುವ ಖಾಸಗಿ ಆಶ್ರಮಗಳು, ಟ್ರಸ್ಟಿನ ಮನೆಗಳು, ಬಾಡಿಗೆ ಬಂಗಲೆಯಲ್ಲಿ ಶುರುವಾದ ಆರೈಕೆ ಕೇಂದ್ರಗಳು ಹುಟ್ಟಿಕೊಂಡಿವೆ.

ಮಗ ದೂರದಲ್ಲಿದ್ದಾನೆ, ತಾಯಿ ಅಪರಿಚಿತರ ಕೈಯಲ್ಲಿದ್ದಾಳೆ. ಮಗನಿಗೆ ಭಯ ಇರುವುದು ಸಹಜ, ಅದು ಸುಳ್ಳು ಭಯವೂ ಅಲ್ಲ. 2025ರ ಜೂನ್‌ನಲ್ಲಿ ನೋಯ್ಡಾದ ವೃದ್ಧಾಶ್ರಮವೊಂದರಲ್ಲಿ ಕೈ ಕಟ್ಟಿಹಾಕಿದ್ದ ವೃದ್ಧೆಯೊಬ್ಬರ ವಿಡಿಯೊ ಹರಿದಾಡಿತು. ಮಹಿಳಾ ಆಯೋಗದವರು ಪೊಲೀಸರೊಂದಿಗೆ ಹೋಗಿ ನೋಡಿದಾಗ ಮುಚ್ಚಿದ ಕೋಣೆಗಳಿದ್ದವು, ಹೊಲಸು ತುಂಬಿದ ಬಟ್ಟೆಗಳಲ್ಲಿ ಹಿರಿಯರಿದ್ದರು. ಅಲ್ಲಿಂದ 39 ಜನರನ್ನು ಹೊರತಂದರು. ಆರೈಕೆ ಸಂಸ್ಥೆಗಳಲ್ಲಿ ಕೆಲಸ ಮಾಡುವವರಲ್ಲಿ ಮೂವರಿಗೆ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ಹಿರಿಯರೊಡನೆ ಯಾವುದಾದರೂ ಬಗೆಯ ದುರ್ವರ್ತನೆ ಮಾಡಿದ್ದುಂಟೆಂದು ತಾವೇ ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಡೆಯುವುದಷ್ಟೇ ದುರ್ವರ್ತನೆಯಲ್ಲ. ಗದರುವುದು, ಕರೆದಾಗ ಬಾರದಿರುವುದು, ರಾತ್ರಿ ಎದ್ದಾರೆಂದು ನೀರು ಕಡಿಮೆ ಕೊಡುವುದು, ಒದ್ದೆ ಬಟ್ಟೆಯಲ್ಲೇ ಬೆಳಗಾಗಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಇಂಥ ಕಡೆಗಳಲ್ಲಿ ಹಿರಿಯರು ಬಾಯಿಬಿಟ್ಟು ಹೇಳಿರುವುದಿಲ್ಲವೇ? ಬಹಳ ಸಲ ಹೇಳಿರುತ್ತಾರೆ. "ಆಕಿ ನನ್ನ ಕೈ ತಿರುವತಾಳ" ಎಂದು ತಾಯಿ ಫೋನಿನಲ್ಲಿ ಹೇಳಿದರೆ, ಅರವತ್ತಕ್ಕೆ ಅರಳು ಮರಳು ಎಂದು ನಾವು ಅದನ್ನು ಅಲ್ಲಿಗೇ ಬಿಡುತ್ತೇವೆ. ಅದನ್ನೇ ಒಂದು ವಿಡಿಯೊ ಹೇಳಿದರೆ ಊರೇ ನಂಬುತ್ತದೆ. ಹಿರಿಯರ ಮಾತಿನ ಮೇಲಿದ್ದ ನಂಬಿಕೆ ಹೋದ ಜಾಗಕ್ಕೆ ಕ್ಯಾಮೆರಾ ಬಂದು ಕೂತಿದೆ. ನನ್ನ ಇಂದಿನ ಮಾತಿನ ತಿರುಳು ಇದೇ. ಕ್ಯಾಮೆರಾ ಇರಲಿ, ಆದರೆ ಹಿರಿಯರ ಮಾತಿಗೆ ಬದಲಾಗಿ ಅಲ್ಲ. ಅವರ ಮಾತು ಮೊದಲು, ಕ್ಯಾಮೆರಾ ಆಮೇಲೆ.

ಈಗ ಎರಡನೆಯ ಭಾಗ. ಕ್ಯಾಮೆರಾದ ಕೈಲಿ ಏನಾಗುತ್ತದೆ?

ಗೇಟಿನಿಂದ ಯಾರು ಹೊರಹೋದರು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಮರೆವಿನ ಕಾಯಿಲೆ ಇರುವ ಅಜ್ಜ ಬೆಳಗಿನ ಜಾವ ಚಿಲಕ ತೆಗೆದು ಉಣಕಲ್ ಕೆರೆಯ ಕಡೆ ನಡೆದುಬಿಟ್ಟರೆ, ಯಾವ ಹೊತ್ತಿಗೆ, ಯಾವ ಬಟ್ಟೆಯಲ್ಲಿ, ಎಡಕ್ಕೋ ಬಲಕ್ಕೋ ಹೋದರೆಂಬುದು ಹುಡುಕುವವರಿಗೆ ದೊಡ್ಡ ಆಧಾರ. ಔಷಧಿ ಕಪಾಟು, ಅಡಿಗೆಮನೆ, ಓಣಿಯಂಥ ಉದ್ದನೆಯ ವರಾಂಡ, ಮೆಟ್ಟಿಲು, ಇಲ್ಲೆಲ್ಲ ಅದರಿಂದ ಉಪಯೋಗ ಉಂಟು. ಸಿಬ್ಬಂದಿಗೂ ಅದು ಆಸರೆ. ಬಂಗಾರದ ಬಳೆ ಕಾಣೆಯಾಯಿತೆಂದು ಆಯಾನ ಮೇಲೆ ಕಳ್ಳತನದ ಆರೋಪ ಬಂದಾಗ ಅವಳ ಪರ ಸಾಕ್ಷಿ ಹೇಳುವುದು ಕೆಲವೊಮ್ಮೆ ಅದೊಂದೇ.

ಆಗದಿರುವುದೇನು? ಹಿರಿಯರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಬೀಳುವುದು. ಬೀಳುವುದು ಹೆಚ್ಚಾಗಿ ಎಲ್ಲಿ? ರಾತ್ರಿ ಮಂಚದಿಂದ ಇಳಿಯುವಾಗ, ಬಚ್ಚಲಿನಲ್ಲಿ, ಶೌಚಾಲಯದ ಹೊಸ್ತಿಲಲ್ಲಿ. ಅಂದರೆ ಬಹುಮಟ್ಟಿಗೆ ಕ್ಯಾಮೆರಾ ಇಡಲೇಬಾರದ ಜಾಗದಲ್ಲಿ. ಇಟ್ಟರೂ ಅದು ಬಿದ್ದವರನ್ನು ತೋರಿಸುತ್ತದೆಯೇ ಹೊರತು ಬೀಳುವವರನ್ನು ಹಿಡಿಯುವುದಿಲ್ಲ. ಹಿಡಿಯುವುದು ಗೋಡೆಗೆ ಬಿಗಿದ ಸ್ಟೀಲಿನ ಕಂಬಿ, ಜಾರದ ಟೈಲ್ಸ್, ಕಾಲಿನ ಹತ್ತಿರ ಉರಿಯುವ ಸಣ್ಣ ರಾತ್ರಿ ದೀಪ, ಕೈಗೆಟುಕುವ ಕರೆಗಂಟೆ, ಗಂಟೆ ಬಾರಿಸಿದರೆ ಎದ್ದು ಬರುವ ಮನುಷ್ಯ. ಹದಿನಾರು ಕ್ಯಾಮೆರಾ ಹಾಕಿಸಿ ರಾತ್ರಿ ಪಾಳಿಗೆ ಒಬ್ಬಳೇ ಆಯಾನನ್ನು ಬಿಟ್ಟ ಆಶ್ರಮ ಸುರಕ್ಷಿತವಲ್ಲ. ಅಲ್ಲಿ ಅಪಘಾತದ ದಾಖಲೆ ಮಾತ್ರ ಸೊಗಸಾಗಿರುತ್ತದೆ.

ಇದೇ ಊರಿನಲ್ಲಿ ಐಐಟಿ ಇದೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ಚಿತ್ರ ತೆಗೆಯದೆಯೇ ಕಾಯುವ ಸಾಧನಗಳು ಉಂಟು. ಹಾಸಿಗೆಯಡಿ ಇಡುವ ಒತ್ತಡದ ಪಟ್ಟಿ, ಬಾಗಿಲು ತೆರೆದರೆ ಸದ್ದು ಮಾಡುವ ಸೆನ್ಸರ್, ಕೋಣೆಯಲ್ಲಿ ಚಲನೆ ನಿಂತರೆ ಎಚ್ಚರಿಸುವ ರೇಡಾರ್ ಬಗೆಯ ಉಪಕರಣ, ಇಂಥವನ್ನು ಜಪಾನಿನ ಆರೈಕೆ ಗೃಹಗಳು ಬಳಸುತ್ತಿವೆ. ಕಡಿಮೆ ಬೆಲೆಗೆ, ಕರೆಂಟು ಹೋದರೂ ನಡೆಯುವಂತೆ ಅವನ್ನು ಇಲ್ಲಿ ಮಾಡಿಕೊಡುವುದು ನಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್.

ಕ್ಯಾಮೆರಾ ತಾನೇ ಅಪಾಯ ತರುವುದೂ ಉಂಟು. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ತಪಾಸಣೆ ಕೋಣೆಯ ದೃಶ್ಯಗಳು ಯೂಟ್ಯೂಬಿನಲ್ಲಿ ಕಾಣಿಸಿಕೊಂಡವು, ಟೆಲಿಗ್ರಾಂನಲ್ಲಿ ಮಾರಾಟವಾದವು. ರಕ್ಷಣೆಗೆಂದು ಹಾಕಿಸಿದ ಕ್ಯಾಮೆರಾದ ವ್ಯವಸ್ಥೆಗೆ ಹೊರಗಿನವರು ನುಗ್ಗಿದ್ದರು. ಕ್ಯಾಮೆರಾ ಕೂರಿಸಲು ಬಂದ ಹುಡುಗ ಹಾಕಿಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ವರ್ಷಗಟ್ಟಲೆ ಬಿಡುವುದು ನಮ್ಮ ಅಂಗಡಿ, ಶಾಲೆ, ಆಶ್ರಮಗಳಲ್ಲೂ ಮಾಮೂಲು. ನೋಯ್ಡಾದಲ್ಲಿ ಒಂದು ವಿಡಿಯೊ 39 ಜನರನ್ನು ಬಿಡಿಸಿತು. ರಾಜಕೋಟದಲ್ಲಿ ವಿಡಿಯೊಗಳೇ ಎಷ್ಟೋ ಹೆಣ್ಣುಮಕ್ಕಳ ಮಾನ ಕಳೆದವು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಮುಂದಿನ ಭಾಗಕ್ಕೆ ಹೋಗೋಣ.

ಮೂರನೆಯ ಭಾಗ ಮಾನದ್ದು, ಖಾಸಗಿತನದ್ದು.

"ನಮ್ಮಲ್ಲಿ ಎಲ್ಲಿತ್ತ್ರೀ ಪ್ರೈವೆಸಿ? ಒಂದ ಪಡಸಾಲ್ಯಾಗ ಹತ್ತು ಮಂದಿ ಮಲಗತಿದ್ವಿ" ಎಂದು ಹಿರಿಯರೇ ನಗುತ್ತ ಹೇಳುವುದನ್ನು ಕೇಳಿದ್ದೇನೆ. ಮಾತು ನಿಜ. ಆದರೆ ಅದೇ ಮನೆಯಲ್ಲಿ ಬಚ್ಚಲಿಗೆ ಪರದೆ ಇತ್ತು. ಹೆಣ್ಣುಮಕ್ಕಳು ಕೂತ ಕೋಣೆಗೆ ಹೋಗುವ ಗಂಡಸು ಹೊಸ್ತಿಲಲ್ಲಿ ಒಮ್ಮೆ ಕೆಮ್ಮಿ ಒಳಗೆ ಕಾಲಿಡುತ್ತಿದ್ದ. ಬರುತ್ತಿದ್ದೇನೆ, ಸೆರಗು ಸರಿಮಾಡಿಕೊಳ್ಳಿ ಎಂಬ ಸೂಚನೆ ಅದು. ಕ್ಯಾಮೆರಾ ಕೆಮ್ಮುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಪಡಸಾಲೆಯ ಅಜ್ಜ ಹೋಗಿಬರುವವರನ್ನೆಲ್ಲ ತಾನು ನೋಡುತ್ತಿದ್ದ, ಎಲ್ಲರೂ ಅವನನ್ನು ನೋಡುತ್ತಿದ್ದರು. ಆಶ್ರಮದ ಕ್ಯಾಮೆರಾದ ಕೆಳಗೆ ಅಜ್ಜ ಕಾಣುತ್ತಾನೆ, ನೋಡುವವರು ಅಜ್ಜನಿಗೆ ಕಾಣುವುದಿಲ್ಲ.

ವಿದ್ಯಾರ್ಥಿಗಳನ್ನು ಕರೆದುಕೊಂಡು ಆಶ್ರಮಗಳಿಗೆ ಹೋಗುತ್ತಿದ್ದ ದಿನಗಳಲ್ಲಿ ಕಂಡದ್ದೊಂದನ್ನು ಹೇಳುತ್ತೇನೆ. ಊರು, ಆಶ್ರಮದ ಹೆಸರು ಬೇಡ. ಒಬ್ಬ ಅಜ್ಜಿಯ ಕೋಣೆಯಲ್ಲಿ ಕಪಾಟಿನ ಮೇಲೆ ಮಗ ತಂದಿಟ್ಟ ಪುಟ್ಟ ಕ್ಯಾಮೆರಾ ಇತ್ತು. ಅಜ್ಜಿ ಆಯಾನನ್ನು ಕೇಳಿದರು, "ಅದೇನವಾ, ಕಪಾಟಿನ ಮ್ಯಾಲ ದೀಪ ಮಿಣಮಿಣ ಅಂತದಲ್ಲ?" ಆಯಾ ಪ್ರೀತಿಯಿಂದಲೇ ಹೇಳಿದಳು, "ಕ್ಯಾಮೆರಾರೀ ಅಮ್ಮಾರ. ಪುಣೇದಾಗ ಕುಂತು ನಿಮ್ಮ ಮಗಾರು ನಿಮ್ಮನ್ನ ನೋಡ್ತಾರ್ರಿ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಾ ಸೀರಿ ಉಟ್ಕೊಳ್ಳೂದನ್ನೂ ನೋಡ್ತಾನೇನ ಅಂವಾ?" ಎಂದರು. ಮುಂದಿನ ಸಲ ಹೋದಾಗ ಕ್ಯಾಮೆರಾದ ಮೇಲೆ ಟವೆಲ್ ಇತ್ತು. "ದಿನಾ ತಗೀತೀವ್ರಿ ಸರ. ದಿನಾ ಊರುಗೋಲಿಲೆ ಎತ್ತಿ ಹಾಕ್ತಾರ" ಎಂದರು ವ್ಯವಸ್ಥಾಪಕರು, ದೂರು ಹೇಳುವ ದನಿಯಲ್ಲಿ. ಆ ಮಗ ಕೆಟ್ಟವನಲ್ಲ, ವ್ಯವಸ್ಥಾಪಕರೂ ಕೆಟ್ಟವರಲ್ಲ. ಅಜ್ಜಿಯನ್ನು ಒಂದು ಮಾತು ಕೇಳಬೇಕಿತ್ತು, ಯಾರೂ ಕೇಳಿರಲಿಲ್ಲ, ಅಷ್ಟೆ. ಅವರು ತಮ್ಮ ಉತ್ತರವನ್ನು ದಿನಾಲೂ ಟವೆಲ್ಲಿನಿಂದ ಕೊಡುತ್ತಿದ್ದರು.

ಆ ಅಜ್ಜಿಯ ಪರ ಈ ದೇಶದ ಅತಿ ದೊಡ್ಡ ನ್ಯಾಯಪೀಠವೊಂದು ನಿಂತಿದೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಪೊಲೀಸರು ಅನುಮಾನದ ಮೇಲೆ ಒಬ್ಬನ ಮನೆಗೆ ರಾತ್ರಿ ಹೊತ್ತು ಹೋಗಿ ಬಾಗಿಲು ಬಡಿಯುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತ್ತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಅದೇ ತೀರ್ಪಿನಲ್ಲಿತ್ತು. ಆ ಮಾತನ್ನು ಅಳಿಸಿಹಾಕಿದ ಮೊಕದ್ದಮೆಯ ಅರ್ಜಿದಾರರು ನಮ್ಮವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಹುಟ್ಟಿದವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ, 86ರ ವಯಸ್ಸಿನಲ್ಲಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ವಯಸ್ಸಾದವರಿಗೆ ಖಾಸಗಿತನ ಯಾಕೆ ಎನ್ನುವವರು ಒಂದು ಮಾತು ನೆನೆಯಬೇಕು. ನಮಗೆಲ್ಲ ಆ ಹಕ್ಕನ್ನು ದಕ್ಕಿಸಿಕೊಟ್ಟದ್ದು ಒಬ್ಬ ವಯಸ್ಸಾದವರ ಹಟ.

ಆ ತೀರ್ಪು ಒಂದು ಅಳತೆಗೋಲನ್ನೂ ಕೊಟ್ಟಿದೆ. ಖಾಸಗಿತನದೊಳಗೆ ಕೈಹಾಕುವುದಾದರೆ ಕಾನೂನಿನ ಆಧಾರ ಬೇಕು, ಯೋಗ್ಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು. ಇದು ಸರ್ಕಾರಕ್ಕೆ ಹಾಕಿದ ಕಟ್ಟು. ಆದರೂ ಆಶ್ರಮ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ತೋರುವ ಸೂತ್ರ ನನಗೆ ಕಾಣದು. ಅಜ್ಜ ಹೊರಗೆ ಹೋಗಿ ಕಳೆದುಹೋಗಬಾರದು ಎಂಬುದು ಉದ್ದೇಶವಾದರೆ ಗೇಟಿನ ಕ್ಯಾಮೆರಾ ಸಾಕು, ಮಂಚದ ಮೇಲಿನದು ಬೇಡ.

ಉಳಿದ ಕಾನೂನುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ, ಒಟ್ಟಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳು ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆನ್ನುತ್ತದೆ. ಇಪ್ಪತ್ತು ಮೂವತ್ತು ಹಿರಿಯರಿರುವ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ "ಕಾನೂನ ಐತ್ರಿ, ಹಾಕಲೇಬೇಕು" ಎಂಬ ಮಾತು ಕೋಣೆಗಳ ಮಟ್ಟಿಗೆ ನಿಲ್ಲದು. ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಸಜೆಯಾಗಬಲ್ಲ ಅಪರಾಧ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿದ್ದು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಒಪ್ಪಿಗೆ ಒತ್ತಾಯದ್ದಾಗಿರಬಾರದು, ಯಾತಕ್ಕೆಂದು ತಿಳಿಸಿ ಪಡೆದದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂಬುದು ಅದರ ಜೀವಾಳ.

ಇನ್ನು ನಾಲ್ಕನೆಯ, ಕೊನೆಯ ಭಾಗ. ನಾವು ಮಾಡಬೇಕಾದ್ದೇನು?

ಮೊದಲು ಕ್ಯಾಮೆರಾದ ಮುಖ ಯಾರ ಕಡೆ ಇರಬೇಕು ಎಂಬುದನ್ನು ಗೊತ್ತುಮಾಡೋಣ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ದೇಶದ ಪೊಲೀಸ್ ಠಾಣೆಗಳಿಗೆಲ್ಲ ಕ್ಯಾಮೆರಾ ಹಾಕಿಸಿ ಎಂದಿತು. ಲಾಕಪ್, ವರಾಂಡ, ಗೇಟು ಎಲ್ಲವನ್ನೂ ಹೆಸರಿಸಿ, ಶೌಚಾಲಯದ ಹೊರಗೆ ಮಾತ್ರ, ಒಳಗಲ್ಲ ಎಂದು ಬಿಡಿಸಿ ಹೇಳಿತು. ಅಲ್ಲಿ ಕ್ಯಾಮೆರಾ ಕಾಯುವುದು ಅಧಿಕಾರ ಇರುವವರನ್ನು, ಅಸಹಾಯಕರ ಸಲುವಾಗಿ. ಆಶ್ರಮದಲ್ಲೂ ಅದೇ ನ್ಯಾಯ ಇರಲಿ. ಗೇಟು, ವರಾಂಡ, ಮೆಟ್ಟಿಲು, ಅಡಿಗೆಮನೆ, ಔಷಧಿ ಕಪಾಟು, ಊಟದ ಹಾಲ್, ಬಚ್ಚಲಿನ ಬಾಗಿಲ ಹೊರಗೆ, ಇಷ್ಟು ಕಡೆ ಕ್ಯಾಮೆರಾ ಇರಲಿ. ಬಚ್ಚಲು, ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಆಯಾಗಳು ವಿಶ್ರಮಿಸುವ ಕೋಣೆ, ಇಲ್ಲೆಲ್ಲ ಯಾರ ಒಪ್ಪಿಗೆಯ ಮೇಲೂ ಬೇಡ.

ಮಲಗುವ ಕೋಣೆಯ ಪ್ರಶ್ನೆ ಕಠಿಣ. ಹಾಸಿಗೆ ಹಿಡಿದವರಿಗೆ, ಪದೇ ಪದೇ ಬೀಳುವವರಿಗೆ ಅದು ಬೇಕಾಗಬಹುದು. ಆಗ ಒಪ್ಪಿಗೆ ಹಿರಿಯರದೇ ಆಗಿರಬೇಕು, ಹಣ ಕಟ್ಟುವ ಮಗನದಲ್ಲ. ನಾಲ್ಕು ಮಂಚದ ಕೋಣೆಯಾದರೆ ನಾಲ್ವರದೂ ಬೇಕು. ಅಮೆರಿಕದ ಟೆಕ್ಸಸ್ ರಾಜ್ಯ 2001ರಲ್ಲೇ ಇಂಥ ಕಾಯ್ದೆ ಮಾಡಿ, ಕೋಣೆಯ ಜೊತೆಗಾರರ ಒಪ್ಪಿಗೆ ಕಡ್ಡಾಯ ಮಾಡಿತು. ಸ್ನಾನ ಮಾಡಿಸುವಾಗ, ಡೈಪರ್ ಬದಲಿಸುವಾಗ, ಡಾಕ್ಟರು ನೋಡುವಾಗ ಮುಚ್ಚಲು ಒಂದು ಮುಚ್ಚಳ ಇರಲಿ. ಮೈಕ್ ಬಂದ್ ಇರಲಿ. ಮಧ್ಯಾಹ್ನ ಗೆಳತಿಯರ ಮುಂದೆ ಸೊಸೆಯ ಮೇಲಿನ ಬೇಜಾರು ಹೇಳಿಕೊಂಡು ಹಗುರಾಗುವ ಸ್ವಾತಂತ್ರ್ಯ ಪ್ರತಿ ಅತ್ತೆಗೂ ಇರಬೇಕಲ್ಲವೇ?

ಮರೆವಿನ ಕಾಯಿಲೆಯವರ ಒಪ್ಪಿಗೆ ಹೇಗೆ ಎಂದು ವೈದ್ಯಮಿತ್ರರು ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ಬರೆದಿಡುವ, ತನ್ನ ಪರ ಮಾತಾಡುವವರನ್ನು ನೇಮಿಸುವ ಅವಕಾಶ ಇದೆ. ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವವರ ಇಚ್ಛೆಯನ್ನು ಮನ್ನಿಸುವ ಸುತ್ತೋಲೆಯನ್ನು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿತು. ಕೊನೆಯುಸಿರಿನ ಬಗ್ಗೆ ನಿರ್ಧರಿಸಬಲ್ಲವರು ಕಪಾಟಿನ ಮೇಲಿನ ಕ್ಯಾಮೆರಾ ಬಗ್ಗೆ ನಿರ್ಧರಿಸಲಾರರೇ? ಆಶ್ರಮ ಸೇರುವ ದಿನವೇ ಆ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಬರೆದಿಡದವರ ವಿಷಯದಲ್ಲಿ, ಕ್ಯಾಮೆರಾ ಕಂಡಾಗಲೆಲ್ಲ ಅವರು ಗಾಬರಿಯಾಗುತ್ತಾರೆಂದರೆ ಅದನ್ನೇ ಅವರ ಉತ್ತರವೆಂದು ತಿಳಿಯಬೇಕು.

ಮುಂದಿನದು ದೃಶ್ಯಗಳ ಕಾವಲು. ಎಷ್ಟೋ ಕಡೆ ಹದಿನಾರು ಚೌಕದ ಟಿವಿ ಪರದೆ ಆಫೀಸಿನಲ್ಲಿ, ಭೇಟಿಗೆ ಬಂದವರು ಕೂರುವ ಬೆಂಚಿಗೆ ಎದುರಾಗಿಯೇ ಇರುತ್ತದೆ. ಬಂದವರು ಚಹಾ ಕುಡಿಯುತ್ತ, ಪರರ ತಾಯಂದಿರು ಮಲಗಿರುವ ವಾರ್ಡನ್ನು ಧಾರಾವಾಹಿಯಂತೆ ನೋಡುತ್ತಾರೆ. ಆ ಪರದೆಯನ್ನು ಇವತ್ತು ಸಂಜೆಯೇ ಗೋಡೆಯ ಕಡೆ ತಿರುಗಿಸಬಹುದು, ಖರ್ಚಿಲ್ಲ. ಪಾಸ್‌ವರ್ಡ್ ಬದಲಿಸಿ. ಹಳೆಯ ದೃಶ್ಯ ತೆಗೆದು ನೋಡಿದವರು ಯಾರು, ಯಾವಾಗ, ಯಾತಕ್ಕೆ ಎಂದು ಒಂದು ರಿಜಿಸ್ಟರ್ ಇಡಿ. 30 ದಿನ ಸಾಕು. ದೂರು ಇದ್ದರೆ ಮಾತ್ರ ಅಷ್ಟನ್ನು ತೆಗೆದಿಡಿ. ವಾಟ್ಸಾಪ್‌ಗೆ ಒಂದು ತುಣುಕೂ ಹೋಗಕೂಡದು, ಹುಟ್ಟುಹಬ್ಬದ ಕೇಕಿನ ದೃಶ್ಯವಾದರೂ ಸರಿ.

ಮಕ್ಕಳಿಗೆ ಒಂದು ಮಾತು. ಇಪ್ಪತ್ನಾಲ್ಕು ಗಂಟೆಯೂ ಮೊಬೈಲಿನಲ್ಲಿ ತಾಯಿಯನ್ನು ನೋಡುವ ಅವಕಾಶ ಕೇಳಬೇಡಿ, ದಿನಕ್ಕೊಮ್ಮೆ ಗೊತ್ತಾದ ಹೊತ್ತಿಗೆ ವಿಡಿಯೊ ಕರೆ ಕೇಳಿ. ಮೊದಲನೆಯದರಲ್ಲಿ ನೀವು ಮಾತ್ರ ನೋಡುತ್ತೀರಿ. ಎರಡನೆಯದರಲ್ಲಿ ಅವರೂ ನಿಮ್ಮನ್ನು ನೋಡುತ್ತಾರೆ, ಮಾತಾಡುತ್ತಾರೆ. ಆ ಮಾತಿನಲ್ಲಿ ದೂರು ಬಂದರೆ ಅರಳು ಮರಳು ಎನ್ನದೆ, ಮುಂದಿನ ರೈಲು ಹಿಡಿದು ಹೇಳದೆ ಕೇಳದೆ ಬನ್ನಿ. ಹಿರಿಯರಿಗಾಗಿಯೇ ಇರುವ 14567 ಸಹಾಯವಾಣಿಯ ನಂಬರನ್ನು ಪ್ರತಿ ಮಂಚದ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಕರೆ ಮಾಡಲು ಫೋನೂ ಸಿಗುವಂತಿರಲಿ.

ಸಿಬ್ಬಂದಿಯನ್ನು ಮರೆಯುವಂತಿಲ್ಲ. ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಅವರಿಗೆ ಮೊದಲೇ ತಿಳಿಸಬೇಕು, ಗುಟ್ಟಾಗಿ ಇಡಬಾರದು. ತಪ್ಪು ಕಂಡರೆ ಶಿಕ್ಷೆಗೆ ಮುಂಚೆ, ಆ ರಾತ್ರಿ ಅವಳೊಬ್ಬಳೇ ಎಷ್ಟು ಜನರನ್ನು ನೋಡಿಕೊಳ್ಳುತ್ತಿದ್ದಳು ಎಂಬುದನ್ನೂ ಆ ದೃಶ್ಯದಲ್ಲೇ ಎಣಿಸಬೇಕು.

ಮುಗಿಸುವ ಮುನ್ನ ಒಂದು ಸೂಚನೆ ಇಡುತ್ತೇನೆ. ಆಶ್ರಮ ಸೇರುವಾಗ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಈಗ ಮಕ್ಕಳ ಸಹಿಗೆ ಜಾಗ ಇದೆ. ಹಿರಿಯರ ಸಹಿಗೆ ಒಂದೇ ಒಂದು ಪುಟ ಸೇರಿಸೋಣ. ಕ್ಯಾಮೆರಾ ಎಲ್ಲಿದೆ, ಯಾಕಿದೆ, ಯಾರು ನೋಡುತ್ತಾರೆ, ಬೇಡವೆಂದರೆ ಯಾರಿಗೆ ಹೇಳಬೇಕು, ಇಷ್ಟೂ ಅದರಲ್ಲಿ ದಪ್ಪಕ್ಷರದಲ್ಲಿ, ತಿಳಿಗನ್ನಡದಲ್ಲಿ ಇರಲಿ. ಓದು ಬಾರದವರಿಗೆ ಓದಿ ಹೇಳಲಿ. ಅದನ್ನು ಬರೆದುಕೊಡುವ ಕೆಲಸವನ್ನು ನವನಗರದ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಹಿರಿಯ ನಾಗರಿಕರ ಇಲಾಖೆಯ ಜಿಲ್ಲಾ ಅಧಿಕಾರಿಗಳು ಅದನ್ನು ಎಲ್ಲ ಆಶ್ರಮಗಳಿಗೆ ತಲುಪಿಸಲಿ. ಇಲ್ಲಿರುವ ವ್ಯವಸ್ಥಾಪಕರು ಒಪ್ಪಿದರೆ ಕರಡಿನ ಮೊದಲ ಓದಿಗೆ ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರನ್ನೇ ಕರೆಯೋಣ. ಅವರು ತಿದ್ದಿದ ಮೇಲೆ ಅಚ್ಚಿಗೆ ಕೊಡೋಣ.

 ಈಗ ನಿಮ್ಮ ಪ್ರಶ್ನೆಗಳು ಬರಲಿ, ಮೊದಲ ಪ್ರಶ್ನೆ ಹಿರಿಯರಿಂದ.